ಡಾಕ್ಟ್ರ ಶಾಪಿನ ಗೋಡೆಯಲ್ಲಿದ್ದ ಆ ಚಿತ್ರ: ಲ್ಯೂಕ್ ಫೈಲ್ಡ್ಸ್ ಬಗ್ಗೆ ಮಾತಾಡೋಣ

ಹಳೇಸಂಕ · ಶನಿವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಕಡೆಯ ನಮ್ಮೂರಲ್ಲಿ ನಾನು ಚಿಕ್ಕವನಿದ್ದಾಗ ಇದ್ದಿದ್ದು ಒಬ್ಬರೇ ಡಾಕ್ಟ್ರು. ಅವರ ಶಾಪಿನಲ್ಲಿ ಔಷಧಿ ಕೊಡೋ ಕಿಟಕಿ ಪಕ್ಕದಲ್ಲಿ ಕಟ್ಟು ಹಾಕಿಸಿದ ಒಂದು ಚಿತ್ರ ಇತ್ತು. ಬಡವರ ಮನೆ. ಎರಡು ಕುರ್ಚಿ ಜೋಡಿಸಿ, ದಿಂಬು ಇಟ್ಟು, ಅದರ ಮೇಲೆ ಒಂದು ಮಗು ಮಲಗಿಸಿದ್ದಾರೆ. ಮಗುವಿನ ಒಂದು ಕೈ ಹೊರಗೆ ಜೋತುಬಿದ್ದಿದೆ. ಪಕ್ಕದಲ್ಲಿ ಕೋಟು ಹಾಕಿದ ಗಡ್ಡದ ಡಾಕ್ಟ್ರು ಗಲ್ಲಕ್ಕೆ ಕೈ ಕೊಟ್ಟು ಮಗುವನ್ನೇ ನೋಡುತ್ತಾ ಕೂತಿದ್ದಾರೆ. ಹಿಂದೆ ಕತ್ತಲಲ್ಲಿ ಅಮ್ಮ ಮೇಜಿನ ಮೇಲೆ ತಲೆ ಇಟ್ಟುಬಿಟ್ಟಿದ್ದಾಳೆ, ಅಪ್ಪ ಅವಳ ಹೆಗಲ ಮೇಲೆ ಕೈ ಇಟ್ಟು ನಿಂತಿದ್ದಾನೆ.

ಜ್ವರ ಬಂದು ಬೆಂಚಿನ ಮೇಲೆ ಕೂತಾಗಲೆಲ್ಲ ನನಗೆ ಅದನ್ನು ನೋಡೋದೇ ಕೆಲಸ. ಒಂದು ಸಲ ಕಾಂಪೌಂಡರ್ ಹತ್ತಿರ ಕೇಳಿದ್ದೆ, "ಆ ಮಗು ಬದುಕ್ತದಾ?" ಅಂತ. ಅವರು ಮಾತ್ರೆ ಪೊಟ್ಟಣ ಕಟ್ಟುತ್ತಾ "ಡಾಕ್ಟ್ರು ಇನ್ನೂ ಎದ್ದಿಲ್ವಲ್ಲ ಮಾರಾಯ" ಅಂದಿದ್ದರು. ಆ ಮಾತು ಇವತ್ತಿಗೂ ಕಿವಿಯಲ್ಲಿದೆ.

ಹೋದ ತಿಂಗಳು ಮಗಳು ಮೊಬೈಲಲ್ಲಿ ಏನೋ ಹುಡುಕುವಾಗ ಅದೇ ಚಿತ್ರ ಕಣ್ಣಿಗೆ ಬಿತ್ತು. ಹೆಸರು 'ದಿ ಡಾಕ್ಟರ್'. ಬಿಡಿಸಿದವರು ಲ್ಯೂಕ್ ಫೈಲ್ಡ್ಸ್, 1843ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿದವರು. ಸಕ್ಕರೆ ವ್ಯಾಪಾರಿ ಹೆನ್ರಿ ಟೇಟ್ ಕೇಳಿ ಬರೆಸಿದ್ದು, 1891ರಲ್ಲಿ ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ಮೊದಲು ತೋರಿಸಿದ್ದು. ಅಲ್ಲಿಂದ ಓದುತ್ತಾ ಹೋದೆ. ಈ ಮನುಷ್ಯ ಶುರು ಮಾಡಿದ್ದು ಪತ್ರಿಕೆಗೆ ಚಿತ್ರ ಬರೆಯೋದರಿಂದ ಅಂತ ಗೊತ್ತಾಯಿತು. ನಿಮಗೆ ತಿಳಿದಿದ್ದನ್ನು ಹೇಳಿ. ಈ ಚಿತ್ರ ಬೇರೆ ಊರುಗಳ ಶಾಪುಗಳಲ್ಲೂ ನೋಡಿದ್ದೀರಾ?

ರಾತ್ರಿಪಾಳಿ · ಶನಿವಾರ ರಾತ್ರಿ 11:55

ಅಣ್ಣ, ನಮ್ಮ ಉಡುಪಿ ಕಡೆಯೂ ಇತ್ತು. ಔಷಧಿ ಕಂಪನಿಯವರ ಕ್ಯಾಲೆಂಡರಿನಲ್ಲಿ ಬರ್ತಿತ್ತು. ನಾನೀಗ ಇಂಗ್ಲೆಂಡಿನಲ್ಲಿ ಮಕ್ಕಳ ವಾರ್ಡಿನಲ್ಲಿ ನರ್ಸ್. ಲಂಡನ್ನಿನ ಟೇಟ್ ಬ್ರಿಟನ್‌ನಲ್ಲಿ ಮೂಲ ಚಿತ್ರ ನೋಡಿದ್ದೇನೆ. ಕ್ಯಾಲೆಂಡರಿನಲ್ಲಿ ಅಂಗೈಯಷ್ಟು ನೋಡಿದವರಿಗೆ ಅದರ ಮುಂದೆ ನಿಂತರೆ ಒಮ್ಮೆ ಎದೆ ಝಲ್ಲೆನ್ನುತ್ತದೆ. ಅಗಲ ಎರಡೂಕಾಲು ಮೀಟರಿಗೂ ಹೆಚ್ಚುಂಟು. ಮನುಷ್ಯರು ಹೆಚ್ಚುಕಡಿಮೆ ನಮ್ಮಷ್ಟೇ ದೊಡ್ಡವರು. ನಾವೂ ಆ ಕೋಣೆಯೊಳಗೆ ನಿಂತ ಹಾಗೆ.

ನೀವು ಚಿಕ್ಕಂದಿನಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಆ ಚಿತ್ರದಲ್ಲೇ ಉಂಟು. ಅಪ್ಪ ನಿಂತ ಕಡೆ ಒಂದು ಸಣ್ಣ ಕಿಟಕಿ ಇದೆ, ನೋಡಿ. ಅದರಲ್ಲಿ ಬೆಳಕು ಹರಿಯುತ್ತಾ ಉಂಟು. ಫೈಲ್ಡ್ಸ್ ಸ್ವತಃ ಹೇಳಿದ್ದು ಅದನ್ನೇ: ಗಂಡಾಂತರದ ಹೊತ್ತು ಬೆಳಗಿನ ಜಾವ, ಅದು ದಾಟಿದೆ, ಹೆತ್ತವರಿಗೆ ಮತ್ತೆ ಆಸೆ ಹುಟ್ಟಿದೆ ಅಂತ. ಮಗುವಿನ ಮುಖದ ಮೇಲೆ ಬಿದ್ದಿದ್ದು ಮೇಜಿನ ದೀಪದ ಬೆಳಕು. ದೀಪದ ಮುಸುಕನ್ನು ಬೇಕೆಂದೇ ಓರೆ ಮಾಡಿ ಇಟ್ಟಿದ್ದಾರೆ. ರಾತ್ರಿಯಿಡೀ ನೋಡಿಕೊಂಡದ್ದು ಆ ದೀಪ, ಈಗ ಬರ್ತಿರುವುದು ಈ ಕಿಟಕಿ. ಎರಡು ಬೆಳಕಿನ ಬಣ್ಣವೂ ಬೇರೆ ಬೇರೆ. ಮೂಲ ಚಿತ್ರದಲ್ಲಿ ಅದು ಎಷ್ಟು ಸ್ಪಷ್ಟ ಅಂದರೆ, ನಾನು ಪಾಳಿ ಮುಗಿಸಿ ಹೊರಗೆ ಬರುವ ಹೊತ್ತಿನ ಆಕಾಶವೇ ನೆನಪಾಯಿತು.

ಮೊಳೆಜೋಡಣೆ · ಭಾನುವಾರ ಬೆಳಿಗ್ಗೆ 7:10

ನಾನು ಹುಬ್ಬಳ್ಯಾಗ ನಲವತ್ತು ವರ್ಷ ಅಚ್ಚಿನ ಕೆಲಸ ಮಾಡಿದಾಂವ್ರಿ. ಮೊಳೆ ಜೋಡಿಸೋದ್ರಿಂದ ಹಿಡದು ಆಫ್‌ಸೆಟ್ ತನಕ ಎಲ್ಲಾ ನೋಡೇನಿ. ಎಣ್ಣಿಬಣ್ಣದ ಚಿತ್ರದ ಮಾತು ನೀವು ಆಡ್ರಿ, ನಾ ಅವರ ಪತ್ರಿಕಾ ಚಿತ್ರದ ಮಾತು ಆಡ್ತೀನಿ. ನನಗ ಕೇಳಿದ್ರ ಅವರ ಖರೇ ತಾಕತ್ತು ಅಲ್ಲೇ ಐತಿ.

1869ರ ಡಿಸೆಂಬರ್ 4ಕ್ಕ ಲಂಡನ್ನಿನ್ಯಾಗ 'ದಿ ಗ್ರಾಫಿಕ್' ಅನ್ನೋ ವಾರಪತ್ರಿಕೆ ಶುರು ಆತು. ಹಾಕಿದಾಂವ ವಿಲಿಯಂ ಲೂಸನ್ ಥಾಮಸ್, ತಾನೂ ಚಿತ್ರ ಕೊರಿಯೋ ಕಸಬಿನಾಂವ. ಮೊದಲನೇ ಸಂಚಿಕೆಯೊಳಗ ಇಪ್ಪತ್ತಾರು ವರ್ಷದ ಫೈಲ್ಡ್ಸ್ ಬರೆದ ಚಿತ್ರ ಬಂತು: 'ಮನೆಯಿಲ್ಲದವರು, ಹಸಿದವರು' ಅಂತ ಅದರ ಹೆಸರು. ಛಳಿ ರಾತ್ರಿ, ಗ್ವಾಡಿಗೆ ಆತು ಸಾಲಾಗಿ ನಿಂತ ಮಂದಿ. ಒಂದು ರಾತ್ರಿ ಮಲಗಾಕ ಜಾಗಾ ಸಿಗತದೇನೋ ಅಂತ ಪೊಲೀಸ್ ಚೀಟಿಗೆ ಕಾಯ್ತಾರ.

ಆಗಿನ ಕಾಲಕ್ಕ ಪತ್ರಿಕೆಗೆ ಚಿತ್ರ ಹಾಕೋದು ಹೆಂಗ ಗೊತ್ತೇನ್ರಿ? ಬಾಕ್ಸ್‌ವುಡ್ ಅಂತ ಗಟ್ಟಿ ಕಟಿಗಿ ಬರ್ತದ. ಅದನ್ನ ಅಡ್ಡಕ್ಕ ಕತ್ತರಿಸಿ ನುಣ್ಣಗ ಮಾಡಿ, ಮ್ಯಾಲೆ ಬಿಳಿ ಬಳದು, ಅದರ ಮ್ಯಾಲೆ ಕಲಾವಿದ ಚಿತ್ರ ಬರೀತಿದ್ದ, ಅದೂ ಎಡ ಬಲ ಉಲ್ಟಾ. ಆಮ್ಯಾಲೆ ಕೊರಿಯಾಂವ ಬಿಳಿ ಉಳಿಬೇಕಾದ ಜಾಗಾ ಎಲ್ಲಾ ಕೆತ್ತಿ ತಗೀತಿದ್ದ. ಗೆರಿ ಅಷ್ಟ ಎದ್ದು ನಿಲ್ಲತಿತ್ತು. ಆ ಮರದ ಬೊಡ್ಡಿ ಸಣ್ಣದು, ದೊಡ್ಡ ಚಿತ್ರಕ್ಕ ತುಂಡು ತುಂಡು ಜೋಡಿಸಿ ಬೋಲ್ಟ್ ಬಿಗೀಬೇಕು. ಅವಸರ ಇದ್ರ ತುಂಡು ಬಿಚ್ಚಿ ನಾಕೈದು ಮಂದಿಗೆ ಹಂಚಿ ರಾತ್ರೋರಾತ್ರಿ ಕೊರಸ್ತಿದ್ರು. ಹಿಂಗಾಗಿ ಕಟಿಗಿ ಮ್ಯಾಲಿನ ಮೂಲ ಚಿತ್ರ ಕೊರಿಯೋದ್ರಾಗ ಹೋಗೇ ಬಿಡ್ತಿತ್ತು. ಕಲಾವಿದನ ಕೈ, ಕೊರಿಯಾಂವನ ಕೈ ಎರಡೂ ಕೂಡಿದ್ರ ಒಂದು ಚಿತ್ರ. ಕೊರಿಯಾಂವನ ಹೆಸರು ಮಾತ್ರ ಯಾರೂ ನೆನಸಂಗಿಲ್ಲ. ಅದು ನನ್ನಂಥವರಿಗೆ ನೋವಿನ ಮಾತು, ಅದಕ್ಕ ಬರದೆ.

ಕತೆಗಿಣಿ · ಭಾನುವಾರ ಮಧ್ಯಾಹ್ನ 12:30

ಮೊಳೆಜೋಡಣೆ ಸರ್, ಎಷ್ಟು ಚೆನ್ನಾಗಿ ಬಿಡಿಸಿ ಹೇಳಿದಿರಿ! ಮುಂದಿನ ಕತೆ ನಾನು ಹೇಳುತ್ತೇನೆ. ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತಿದ್ದವಳು, ಡಿಕನ್ಸ್ ಅಂದರೆ ಪ್ರಾಣ.

ಆ ಗ್ರಾಫಿಕ್ ಚಿತ್ರ ಕಲಾವಿದ ಮಿಲೇ ಅವರ ಕಣ್ಣಿಗೆ ಬಿತ್ತು. ಡಿಕನ್ಸ್ ಆಗ ತಮ್ಮ ಹೊಸ ಕಾದಂಬರಿ 'ಎಡ್ವಿನ್ ಡ್ರೂಡ್'ಗೆ ಚಿತ್ರ ಬರೆಯುವವರನ್ನು ಹುಡುಕುತ್ತಿದ್ದರು. ಅವರ ಅಳಿಯ ಚಾರ್ಲ್ಸ್ ಕಾಲಿನ್ಸ್ ರಕ್ಷಾಪುಟ ಮಾಡಿಕೊಟ್ಟವರು ಆರೋಗ್ಯ ಕೆಟ್ಟು ಹಿಂದೆ ಸರಿದಿದ್ದರು. ಮಿಲೇ ಈ ಚಿತ್ರವನ್ನು ಡಿಕನ್ಸ್ ಮುಂದೆ ಹಿಡಿದರು. ಹೀಗೆ ಒಂದು ವಾರಪತ್ರಿಕೆಯ ಹಾಳೆ ಆ ಹುಡುಗನನ್ನು ಇಂಗ್ಲೆಂಡಿನ ಅತಿ ದೊಡ್ಡ ಕಾದಂಬರಿಕಾರನ ಮನೆಗೆ ಕರೆದೊಯ್ಯಿತು.

ಒಂದು ಪ್ರಸಂಗ ನನಗೆ ಬಹಳ ಇಷ್ಟ. ಕಾದಂಬರಿಯಲ್ಲಿ ಜಾಸ್ಪರ್ ಅಂತ ಒಬ್ಬ ಇದ್ದಾನೆ, ಎಡ್ವಿನ್‌ನ ಸೋದರಮಾವ. ಅವನು ಕುತ್ತಿಗೆಗೆ ಎರಡು ಸುತ್ತು ಬರುವಷ್ಟು ಉದ್ದದ ವಸ್ತ್ರ ಸುತ್ತಿಕೊಂಡಿರಬೇಕು ಅಂತ ಡಿಕನ್ಸ್ ಹೇಳಿದರು. ಫೈಲ್ಡ್ಸ್‌ಗೆ ವಿಚಿತ್ರ ಅನ್ನಿಸಿತು. ಹಿಂದಿನ ಚಿತ್ರಗಳಲ್ಲಿ ಅವರು ಸಣ್ಣ ಕರಿ ಟೈ ಹಾಕಿಸಿದ್ದರು. ಯಾಕೆ ಅಂತ ಬಿಡದೆ ಕೇಳಿದರು. ಡಿಕನ್ಸ್ ಸ್ವಲ್ಪ ತಡವರಿಸಿ, ಗುಟ್ಟು ಕಾಪಾಡುತ್ತೀರಾ ಅಂತ ಕೇಳಿ, ಆ ವಸ್ತ್ರದಿಂದಲೇ ಜಾಸ್ಪರ್ ಎಡ್ವಿನ್‌ನ ಕುತ್ತಿಗೆ ಬಿಗಿಯುತ್ತಾನೆ ಅಂತ ಹೇಳಿಬಿಟ್ಟರು. ಕಾದಂಬರಿ ಮುಗಿಯಲೇ ಇಲ್ಲ. ಹನ್ನೆರಡು ಕಂತು ಅಂತ ಶುರುವಾದದ್ದು ಆರಕ್ಕೆ ನಿಂತಿತು. 1870ರ ಜೂನ್ 9ರಂದು ಡಿಕನ್ಸ್ ತೀರಿಕೊಂಡರು. ಕೊಲೆಗಾರ ಯಾರು ಅಂತ ಜನ ಇಂದಿಗೂ ತರ್ಕ ಮಾಡುತ್ತಾರೆ. ಫೈಲ್ಡ್ಸ್ ಮಾತ್ರ 1905ರಲ್ಲಿ ಪತ್ರಿಕೆಗೆ ಕಾಗದ ಬರೆದು ಇದನ್ನು ಬಹಿರಂಗ ಮಾಡಿದರು. ಡಿಕನ್ಸ್ ಸುಮ್ಮನೆ ದಾರಿ ತಪ್ಪಿಸುವ ಸುಳಿವು ಬಿಟ್ಟರು ಅಂತ ಯಾರೋ ಬರೆದಿದ್ದು ಅವರಿಗೆ ಸಹಿಸಲಾಗಲಿಲ್ಲ.

ಆಮೇಲೆ ಅವರು ಗ್ಯಾಡ್ಸ್ ಹಿಲ್‌ನ ಡಿಕನ್ಸ್ ಮನೆಗೆ ಹೋದರು. ಒಡೆಯರೇ ಇಲ್ಲದ ಮನೆ. ಬರೆಯುವ ಕೋಣೆಯಲ್ಲಿ ಮೇಜಿನಿಂದ ಹಿಂದಕ್ಕೆ ಸರಿಸಿದ ಕುರ್ಚಿ ಹಾಗೇ ಇತ್ತು. ಕೂತು ಅದನ್ನೇ ಬರೆದರು. 'ಖಾಲಿ ಕುರ್ಚಿ'. ಅದೇ ವರ್ಷದ ಗ್ರಾಫಿಕ್‌ನ ಕ್ರಿಸ್‌ಮಸ್ ಸಂಚಿಕೆಯಲ್ಲಿ ಅಚ್ಚಾಯಿತು. ಮನುಷ್ಯರೇ ಇಲ್ಲದ ಭಾವಚಿತ್ರ ಅದು. ನಮ್ಮಲ್ಲಿ ಹಿರಿಯರು ಹೋದ ಮೇಲೆ ಅವರ ಆರಾಮಕುರ್ಚಿಯಲ್ಲಿ ಯಾರೂ ಕೂರದೆ ವರ್ಷಗಟ್ಟಲೆ ಬಿಡುತ್ತೇವಲ್ಲ, ಅಂಥ ಮೌನ ಅದರಲ್ಲಿದೆ.

ಸಂತೆಮಾಳ · ಭಾನುವಾರ ಸಂಜೆ 6:15

ಎಲ್ಲ ಸರಿ, ಓದಿ ಖುಷಿಯಾಯಿತು. ಆದರೆ ನನಗೊಂದು ತಕರಾರಿದೆ, ಹೇಳಲೇಬೇಕು.

ಆ ಪತ್ರಿಕಾ ಚಿತ್ರವನ್ನೇ ಫೈಲ್ಡ್ಸ್ 1874ರಲ್ಲಿ ಎಂಟು ಅಡಿ ಅಗಲದ ಎಣ್ಣೆಬಣ್ಣದ ಚಿತ್ರ ಮಾಡಿ ರಾಯಲ್ ಅಕಾಡೆಮಿಯಲ್ಲಿ ಇಟ್ಟರು. ನೂಕುನುಗ್ಗಲು ತಡೆಯಲಾರದೆ ಚಿತ್ರದ ಮುಂದೆ ಕಂಬಿ ಕಟ್ಟಿ ಪೊಲೀಸಿನವನನ್ನು ನಿಲ್ಲಿಸಬೇಕಾಯಿತು. ನೋಡಲು ಬಂದವರು ಯಾರು? ಟಿಕೆಟ್ ಕೊಟ್ಟು ಒಳಗೆ ಬರುವ ಅನುಕೂಲಸ್ಥರು. ಚಿತ್ರದೊಳಗಿರುವವರೋ, ಅದೇ ಲಂಡನ್ನಿನಲ್ಲಿ ಒಂದು ರಾತ್ರಿಯ ಆಸರೆಗೆ ಪೊಲೀಸ್ ಠಾಣೆಯಲ್ಲಿ ಚೀಟಿ ತಗೊಂಡು, ಬಡವರ ಛತ್ರದ ಬಾಗಿಲಲ್ಲಿ ನಿಂತು, ಒಳಗೆ ಮಲಗಿದ ಋಣಕ್ಕೆ ಬೆಳಿಗ್ಗೆ ಕಲ್ಲು ಒಡೆದೋ ಹಳೇ ಹಗ್ಗ ಬಿಡಿಸಿಯೋ ಹೋಗಬೇಕಾದವರು. 1883ರಲ್ಲಿ ಆ ಚಿತ್ರವನ್ನು ಮಾತ್ರೆ, ಮುಲಾಮು ಮಾರಿ ಶ್ರೀಮಂತರಾದ ಥಾಮಸ್ ಹಾಲೋವೇ ಕೊಂಡರು.

ಫೈಲ್ಡ್ಸ್ ಮುಂದೇನು ಮಾಡಿದರು? ವೆನಿಸ್ಸಿನ ಚೆಲುವೆಯರನ್ನು ಬರೆದರು. ಕೆನ್ಸಿಂಗ್ಟನ್ನಿನ ಮೆಲ್ಬರಿ ರಸ್ತೆಯಲ್ಲಿ ವಾಸ್ತುಶಿಲ್ಪಿ ರಿಚರ್ಡ್ ನಾರ್ಮನ್ ಶಾ ಅವರಿಂದ ದೊಡ್ಡ ಮನೆ ಕಟ್ಟಿಸಿದರು. ಏಳನೇ ಎಡ್ವರ್ಡ್ ದೊರೆ ಪಟ್ಟಕ್ಕೆ ಬಂದಾಗ ಅವನ ಅಧಿಕೃತ ಭಾವಚಿತ್ರ ಬರೆದರು. 1906ರಲ್ಲಿ 'ಸರ್' ಆದರು. ಬೀದಿಯಲ್ಲಿ ಛಳಿಗೆ ನಡುಗುತ್ತಿದ್ದವರು ಅವರಿಗೆ ಏಣಿಯ ಮೊದಲ ಮೆಟ್ಟಿಲು ಆದರಲ್ಲ ಅಂತ ನನಗೆ ಬೇಸರ. ಕೈ ಇತ್ತು, ಕಣ್ಣಿತ್ತು. ಆ ಕಣ್ಣನ್ನು ಬೀದಿಯ ಮೇಲೆ ಇನ್ನಿಪ್ಪತ್ತು ವರ್ಷ ಇಟ್ಟಿದ್ದರೆ ನಮಗೆ ಎಂಥೆಂಥ ಚಿತ್ರ ಸಿಗುತ್ತಿತ್ತು!

ಹಳೇಸಂಕ · ಭಾನುವಾರ ರಾತ್ರಿ 8:50

ಸಂತೆಮಾಳ ಸರ್, ನಿಮ್ಮ ಬೇಸರ ನನಗೂ ಇದೆ. ಆದರೆ ಆ ಕಣ್ಣು ಎಲ್ಲಿಂದ ಬಂತು ಅನ್ನೋದೂ ಗೊತ್ತಿರಬೇಕು. ಅವರನ್ನು ಸಾಕಿದ್ದು ಅಜ್ಜಿ, ಮೇರಿ ಫೈಲ್ಡ್ಸ್. 1819ರ ಆಗಸ್ಟ್ 16ರಂದು ಮ್ಯಾಂಚೆಸ್ಟರಿನ ಸೇಂಟ್ ಪೀಟರ್ಸ್ ಬಯಲಲ್ಲಿ ಮತದಾನದ ಹಕ್ಕು ಕೇಳಿ ಸಾವಿರಾರು ಜನ ಸೇರಿದ್ದರು, ಅವರ ಮೇಲೆ ಕುದುರೆ ದಂಡು ಕತ್ತಿ ಹಿರಿದು ನುಗ್ಗಿತ್ತು. ಪೀಟರ್ಲೂ ಅಂತ ಕರೀತಾರೆ. ಆ ದಿನ ವೇದಿಕೆಯ ಮೇಲಿದ್ದ, ಅಲ್ಲಿನ ಹೆಂಗಸರ ಸುಧಾರಣಾ ಸಂಘದ ಅಧ್ಯಕ್ಷೆಯೇ ಈ ಅಜ್ಜಿ. ಗಾಯಗೊಂಡು ಬದುಕಿ ಉಳಿದವರು. ಅಂಥ ಅಜ್ಜಿಯ ಮಡಿಲಲ್ಲಿ ಬೆಳೆದ ಹುಡುಗ ಬಾಗಿಲ ಹೊರಗೆ ನಿಂತವರನ್ನು ನೋಡದೆ ಹೋಗುತ್ತಾನಾ?

ಇನ್ನೊಂದು. ನೀವು ಹೇಳಿದ ಚಿತ್ರದಲ್ಲಿ ಜನರ ಬೆನ್ನ ಹಿಂದಿನ ಗೋಡೆ ನೋಡಿ. ಭಿತ್ತಿಪತ್ರ ಅಂಟಿಸಿದ್ದಾರೆ. ಬಿಟ್ಟುಹೋದ ಮಗುವಿನ ಸುಳಿವು ಕೊಟ್ಟವರಿಗೆ ಇಷ್ಟು, ಕಳೆದುಹೋದ ನಾಯಿ ಹುಡುಕಿಕೊಟ್ಟವರಿಗೆ ಇಷ್ಟು ಅಂತ ಬಹುಮಾನ. ನಾಯಿಗೇ ಹೆಚ್ಚು. ಆ ಅಕ್ಷರ ಬರೆದ ಕುಂಚಕ್ಕೆ ಸಿಟ್ಟಿರಲಿಲ್ಲ ಅಂತ ನಾನು ಒಪ್ಪಲಾರೆ.

ಸಂತೆಮಾಳ · ಭಾನುವಾರ ರಾತ್ರಿ 9:20

ಆ ಭಿತ್ತಿಪತ್ರ ನಾನು ಗಮನಿಸಿರಲಿಲ್ಲ. ದೊಡ್ಡದು ಮಾಡಿ ನೋಡಿದೆ. ಒಪ್ಪಿದೆ, ಅಲ್ಲಿ ಸಿಟ್ಟಿದೆ.

ಆದರೂ 'ದಿ ಡಾಕ್ಟರ್' ಬಗ್ಗೆ ಕೇಳುತ್ತೇನೆ. ಮೀನುಗಾರರ ಗುಡಿಸಲಿಗೆ ಕೋಟು ಹಾಕಿದ ಡಾಕ್ಟರು ಬಂದು ರಾತ್ರಿಯಿಡೀ ಕೂತರೆ ಅದರ ಫೀಸು ಯಾರು ಕೊಡುತ್ತಾರೆ? ಉಳ್ಳವರ ಮನಸ್ಸಿಗೆ ಸಮಾಧಾನ ಆಗಲಿ ಅಂತ ಬರೆದ ಚಿತ್ರ ಅಲ್ಲವೇ ಅದು? ಈ ಚಿತ್ರ ಮುಂದೆ ಯಾರ ಕೈಗೆ ಸಿಕ್ಕಿತು ನೋಡಿ. 1949ರಲ್ಲಿ ಅಮೆರಿಕದಲ್ಲಿ ಅಧ್ಯಕ್ಷ ಟ್ರೂಮನ್ ಎಲ್ಲರಿಗೂ ಸರ್ಕಾರಿ ಆರೋಗ್ಯ ವಿಮೆ ತರಲು ಹೊರಟಾಗ, ಅಲ್ಲಿನ ವೈದ್ಯರ ಸಂಘ ಇದೇ ಚಿತ್ರವನ್ನು ಭಿತ್ತಿಪತ್ರ ಮಾಡಿ 'ಈ ಚಿತ್ರದೊಳಗೆ ರಾಜಕೀಯ ತರಬೇಡಿ' ಅಂತ ಪ್ರಚಾರ ಮಾಡಿತು. ಬಡವರ ಗುಡಿಸಲಿನ ಚಿತ್ರ ತೋರಿಸಿಯೇ ಬಡವರಿಗೆ ಬರಬೇಕಾದ ಸವಲತ್ತನ್ನು ತಡೆದರು.

ರಾತ್ರಿಪಾಳಿ · ಸೋಮವಾರ ಬೆಳಿಗ್ಗೆ 10:05

ಆ ಪ್ರಚಾರ ತಪ್ಪು, ಅದರಲ್ಲಿ ಎರಡು ಮಾತಿಲ್ಲ. ನಾನು ದುಡಿಯುವುದೇ ಬಡವ ಬಲ್ಲಿದ ಅಂತ ನೋಡದೆ ಚಿಕಿತ್ಸೆ ಕೊಡುವ ಸರ್ಕಾರಿ ವ್ಯವಸ್ಥೆಯಲ್ಲಿ. ಆದರೆ ಅದು ಫೈಲ್ಡ್ಸ್ ಸತ್ತು ಇಪ್ಪತ್ತೆರಡು ವರ್ಷದ ಮೇಲೆ ಆದದ್ದು. ಆ ತಪ್ಪನ್ನು ಅವರ ತಲೆಗೆ ಕಟ್ಟಬೇಡಿ.

ಫೀಸು ಯಾರು ಕೊಟ್ಟರು ಅಂತ ಕೇಳಿದಿರಲ್ಲ. ಫೈಲ್ಡ್ಸ್ ಮನೆಯಲ್ಲೇ ಒಂದು ಸಾವಾಗಿತ್ತು. 1877ರ ಕ್ರಿಸ್‌ಮಸ್ ದಿನ ಅವರ ಹಿರಿಯ ಮಗು ಫಿಲಿಪ್ ತೀರಿಕೊಂಡಿತು. ಮರ್ರೇ ಅಂತ ಡಾಕ್ಟರು ಬಂದು ನೋಡಿಕೊಂಡಿದ್ದರು. ಅವರ ಕೈಯಲ್ಲಿ ಏನೂ ಆಗಲಿಲ್ಲ. ಆದರೆ ಅವರು ಕೂತ ರೀತಿ ತಂದೆಯ ಮನಸ್ಸಿನಲ್ಲಿ ಉಳಿಯಿತು ಅಂತ ಇನ್ನೊಬ್ಬ ಮಗ ಬರೆದ ಜೀವನಚರಿತ್ರೆಯಲ್ಲಿ ಉಂಟು. ಹದಿಮೂರು ವರ್ಷದ ಮೇಲೆ ಟೇಟ್ ಬಂದು ಒಂದು ಚಿತ್ರ ಬೇಕು ಅಂದಾಗ ಫೈಲ್ಡ್ಸ್ ಆರಿಸಿಕೊಂಡದ್ದು ಇದನ್ನು. ಸ್ಕಾಟ್ಲೆಂಡಿನ ಮೀನುಗಾರರ ಊರಿಗೆ ಹೋಗಿ ಮನೆಗಳನ್ನು ನೋಡಿ ಬರೆದುಕೊಂಡು ಬಂದು, ತನ್ನ ಸ್ಟುಡಿಯೋದೊಳಗೇ ಅಂಥ ಒಂದು ಗುಡಿಸಲು ಕಟ್ಟಿಸಿ, ಅದರೊಳಗೆ ದೀಪ ಇಟ್ಟು ಚಿತ್ರ ಬರೆದರು. ಸಿಕ್ಕಿದ್ದು 3,000 ಪೌಂಡ್. ಅಷ್ಟು ಹೊತ್ತಿನಲ್ಲಿ ಶ್ರೀಮಂತರ ಭಾವಚಿತ್ರ ಬರೆದಿದ್ದರೆ ಹೆಚ್ಚೇ ಬರ್ತಿತ್ತು. ಬೇರೆಯವರ ಮನೆಯ ಮಗುವನ್ನು ಬರೆದು, ಕಿಟಕಿಯಲ್ಲಿ ಬೆಳಗು ಮಾಡಿಸಿ, ಆ ಮಗುವನ್ನಾದರೂ ಅವರು ಉಳಿಸಿಕೊಂಡರು ಅಂತ ನನಗೆ ಕಾಣ್ತದೆ.

ಡಾಕ್ಟರ ಪಕ್ಕದ ಮೇಜಿನಲ್ಲಿ ಏನುಂಟು ನೋಡಿ: ಒಂದು ಔಷಧಿ ಸೀಸೆ, ಒಂದು ಕಪ್, ಒಂದು ಚಮಚ. ಅಷ್ಟೇ. 1891ರಲ್ಲಿ ಮಗುವಿಗೆ ಬ್ಯಾಕ್ಟೀರಿಯಾ ಸೋಂಕಾದರೆ ಅದರ ಮೂಲಕ್ಕೆ ಕೈಹಾಕುವ ಮದ್ದೇ ಇರಲಿಲ್ಲ. ಬ್ಯಾಕ್ಟೀರಿಯಾ ತಡೆಯುವ ಸಲ್ಫಾ ಮದ್ದು ಬಂದದ್ದು 1935ರಲ್ಲಿ, ಪೆನ್ಸಿಲಿನ್ ಜನರ ಕೈಗೆ ಸಿಕ್ಕಿದ್ದು ಎರಡನೇ ಮಹಾಯುದ್ಧದ ಹೊತ್ತಿಗೆ. ಡಾಕ್ಟರ ಕೈಯಲ್ಲಿದ್ದದ್ದು ನೋಡುವ ಕಣ್ಣು, ಕೂರುವ ತಾಳ್ಮೆ. ಇವತ್ತು ನನ್ನ ವಾರ್ಡಿನಲ್ಲಿ ಮಾನಿಟರು, ಪಂಪು ಎಲ್ಲ ಉಂಟು. ಆದರೂ ಬೆಳಗಿನ ಜಾವ ನಾಲ್ಕಕ್ಕೆ ಮಗುವಿನ ಹಾಸಿಗೆ ಪಕ್ಕ ಸ್ಟೂಲು ಎಳೆದುಕೊಂಡು ಕೂರುವಾಗ ನಾನೂ ಹಾಗೇ ಗಲ್ಲಕ್ಕೆ ಕೈ ಕೊಟ್ಟಿರ್ತೇನೆ.

ಇನ್ನೊಂದು ಸಂಗತಿ ಕೇಳಿ. ಫಿಲಿಪ್ ಹೋಗಿ ಐದು ವರ್ಷಕ್ಕೆ, 1882ರಲ್ಲಿ, ಹುಟ್ಟಿದ ಮಗ ಪಾಲ್ ಫೈಲ್ಡ್ಸ್ ದೊಡ್ಡ ಸೂಕ್ಷ್ಮಜೀವಿ ವಿಜ್ಞಾನಿಯಾದ. ಸಲ್ಫಾ ಮದ್ದು ಬ್ಯಾಕ್ಟೀರಿಯಾವನ್ನು ಹೇಗೆ ತಡೆಯುತ್ತದೆ ಅಂತ ಡೊನಾಲ್ಡ್ ವುಡ್ಸ್ ಕಂಡುಹಿಡಿದದ್ದು ಅವನ ತಂಡದಲ್ಲೇ, 1940ರಲ್ಲಿ. ಬ್ಯಾಕ್ಟೀರಿಯಾ ತನಗೆ ಬೇಕಾದ ಒಂದು ಪೋಷಕ ಅಂತ ಭಾವಿಸಿ ಈ ಮದ್ದನ್ನು ಒಳಗೆ ತಕೊಳ್ತದೆ, ಅಲ್ಲಿಗೆ ಅದರ ಬೆಳವಣಿಗೆ ನಿಲ್ಲುತ್ತದೆ. ಅದೇ ಪಾಲ್ ಯುದ್ಧಕಾಲದಲ್ಲಿ ಬ್ರಿಟನ್ನಿನ ಸೈನಿಕ ಸಂಶೋಧನಾ ಕೇಂದ್ರ ಪೋರ್ಟನ್ ಡೌನ್‌ನಲ್ಲಿ ಆಂಥ್ರಾಕ್ಸ್ ಎಂಬ ಮಾರಕ ರೋಗದ ಬ್ಯಾಕ್ಟೀರಿಯಾ ಬಳಸುವ ಅಸ್ತ್ರದ ಕೆಲಸದ ಮುಖ್ಯಸ್ಥನೂ ಆಗಿದ್ದ. ಅದನ್ನು ಮುಚ್ಚಿಟ್ಟು ಹೇಳಲು ನನಗೆ ಮನಸ್ಸಿಲ್ಲ.

ಕತೆಗಿಣಿ · ಸೋಮವಾರ ಮಧ್ಯಾಹ್ನ 1:40

ರಾತ್ರಿಪಾಳಿ, ನಿಮ್ಮ ಬರಹ ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ಸಂತೆಮಾಳ ಅವರಿಗೆ ಒಂದು ಮಾತು. ಫೈಲ್ಡ್ಸ್ ಬೀದಿಯನ್ನು ಬಿಟ್ಟರು ನಿಜ, ಆದರೆ ಆ ಅಚ್ಚಿನ ಹಾಳೆಗಳು ಇನ್ನೊಬ್ಬರ ಕೈ ಸೇರಿದ್ದವು. ವಿನ್ಸೆಂಟ್ ವಾನ್ ಗೋ 1873ರಿಂದ ಲಂಡನ್ನಿನಲ್ಲಿ ಚಿತ್ರ ಮಾರುವ ಅಂಗಡಿಯಲ್ಲಿ ಕೆಲಸಕ್ಕಿದ್ದಾಗ ಗ್ರಾಫಿಕ್ ನೋಡಲು ವಾರವಾರವೂ ಅದರ ಮುದ್ರಣಾಲಯದ ಕಿಟಕಿಯ ಮುಂದೆ ಹೋಗಿ ನಿಲ್ಲುತ್ತಿದ್ದ. ಹೇಗ್ ನಗರದಲ್ಲಿ ಊಟಕ್ಕೇ ಕಷ್ಟವಿದ್ದ ಕಾಲದಲ್ಲಿ ಅದರ ಹಳೇ ಸಂಪುಟಗಳನ್ನು ಕೊಂಡು, ಹಾಳೆ ಕತ್ತರಿಸಿ, ರಟ್ಟಿಗೆ ಅಂಟಿಸಿ ಇಟ್ಟುಕೊಂಡ. 'ಖಾಲಿ ಕುರ್ಚಿ'ಯ ಬಗ್ಗೆ ತಮ್ಮ ತೇವೋಗೆ ಪತ್ರದಲ್ಲಿ ಬರೆದಿದ್ದಾನೆ. 1888ರಲ್ಲಿ ಫ್ರಾನ್ಸಿನ ಆರ್ಲ್ಸ್‌ನಲ್ಲಿ ಅವನೇ ಎರಡು ಖಾಲಿ ಕುರ್ಚಿ ಬರೆದ, ಒಂದು ತನ್ನದು, ಒಂದು ಗೆಳೆಯ, ಕಲಾವಿದ ಗೋಗ್ಯಾನದು. ಹುಲ್ಲು ಹೆಣೆದ ಆ ಹಳದಿ ಕುರ್ಚಿ ನೋಡದವರು ಯಾರಿದ್ದಾರೆ? ಅದರ ಹಿಂದೆ ಮೊಳೆಜೋಡಣೆ ಸರ್ ಹೇಳಿದ ಆ ಕಟ್ಟಿಗೆಯಚ್ಚಿನ ಕುರ್ಚಿ ನಿಂತಿದೆ.

ಸಂತೆಮಾಳ · ಸೋಮವಾರ ಸಂಜೆ 7:00

ಮರ್ರೇ ಡಾಕ್ಟರ ಕತೆ ಗೊತ್ತಿರಲಿಲ್ಲ ಅಕ್ಕ. 'ದಿ ಡಾಕ್ಟರ್' ಬಗ್ಗೆ ಆಡಿದ ಮಾತು ವಾಪಸ್ ತಗೊಳ್ಳುತ್ತೇನೆ. ದೊರೆಯ ಭಾವಚಿತ್ರದ ಬಗ್ಗೆ ಹೇಳಿದ್ದು ಹಾಗೇ ಇರಲಿ.

ಹಳೇಸಂಕ · ಮುಂದಿನ ಭಾನುವಾರ ಸಂಜೆ 5:30

ಊರಿಗೆ ಹೋಗಿದ್ದೆ. ಡಾಕ್ಟ್ರು ಹೋಗಿ ತುಂಬ ವರ್ಷ ಆಯಿತು, ಶಾಪು ಈಗ ದಿನಸಿ ಅಂಗಡಿ. ಅವರ ಮಗ ಅಲ್ಲೇ ಹಿಂದಿನ ಮನೆಯಲ್ಲಿದ್ದಾರೆ. ಕೇಳಿದೆ. ಅಟ್ಟದಿಂದ ಚಿತ್ರ ಇಳಿಸಿ, ಬಟ್ಟೆಯಲ್ಲಿ ಒರೆಸಿ ಕೊಟ್ಟರು.

ಕಿಟಕಿ ಹುಡುಕಿದೆ. ಇದೆ. ಆದರೆ ಬೆಳಗಾಗುತ್ತಿದೆ ಅಂತ ಗೊತ್ತಾಗೋದೇ ಇಲ್ಲ. ಇಡೀ ಚಿತ್ರ ನೀಲಿಗಟ್ಟಿದೆ. ದೀಪ, ಕಿಟಕಿ, ಮಗುವಿನ ಮುಖ, ಎಲ್ಲಾ ಒಂದೇ ಬಣ್ಣ. ನಾನು ಚಿಕ್ಕಂದಿನಿಂದ ಅದನ್ನು ನಟ್ಟಿರುಳು ಅಂದುಕೊಂಡಿದ್ದು ಇದಕ್ಕೇ. ಮೊಳೆಜೋಡಣೆ ಸರ್, ಯಾಕೆ ಹೀಗೆ?

ಮೊಳೆಜೋಡಣೆ · ಭಾನುವಾರ ಸಂಜೆ 6:20

ಬಿಸಿಲ ಬಿದ್ದೈತ್ರಿ ಅದಕ್ಕ. ನಾಕ ಬಣ್ಣದ ಅಚ್ಚಿನ್ಯಾಗ ಹಳದಿ, ಕೆಂಪು ಮೊದಲು ಹಾರ್ತಾವ. ನೀಲಿ, ಕರಿ ಗಟ್ಟಿ, ಅವು ಉಳೀತಾವ. ಹಳೇ ಸಿನಿಮಾ ಪೋಸ್ಟರ್, ಹೋಟೆಲ್ ಗ್ವಾಡಿ ಮ್ಯಾಲಿನ ದೇವರ ಫೋಟೋ ಎಲ್ಲಾ ನೀಲಿ ಆಗಿರ್ತಾವಲ್ಲ, ಹಂಗ. ಹಿಂದಿನ ಮೊಳಿ ಸಾವಕಾಶ ತಗದು ಕಟ್ಟು ಬಿಚ್ಚಿ ನೋಡ್ರಿ. ಕಟ್ಟಿನ ಪಟ್ಟಿ ಕೆಳಗ ಬೆಳಕು ಹೋಗಿರಂಗಿಲ್ಲ. ಮೂಲ ಬಣ್ಣ ಅಲ್ಲಿ ಇರತೈತಿ.

ಹಳೇಸಂಕ · ಭಾನುವಾರ ರಾತ್ರಿ 9:15

ಬಿಚ್ಚಿದೆ ಸರ್. ಸುತ್ತಲೂ ಬೆರಳಗಲ ಜಾಗದಲ್ಲಿ ಬಣ್ಣ ಹಾಗೇ ಇದೆ. ಬೆಚ್ಚಗಿನ ಕಂದು, ಬೆಲ್ಲದ ಪಾಕದ ಬಣ್ಣ. ಡಾಕ್ಟ್ರ ಮಗ ಅದನ್ನು ನೋಡಿ ಚಿತ್ರ ನೀವೇ ಇಟ್ಟುಕೊಳ್ಳಿ ಅಂದರು.

ಮೊಳೆಜೋಡಣೆ · ಭಾನುವಾರ ರಾತ್ರಿ 9:30

ಹೊಸ ಕಟ್ಟು ಹಾಕಸೂ ಮುಂದ ಆ ಅಂಚು ಮುಚ್ಚಬ್ಯಾಡ್ರಿ, ಕಾಣೂಹಂಗ ಬಿಡಂತ ಹೇಳ್ರಿ. ಬಿಸಿಲ ಬೀಳದ ಗ್ವಾಡಿಗೆ ಹಾಕ್ರಿ.